ಗೇಮಿಂಗ್ ಪಿಸಿ ಬಿಸಿಯಾಗುತ್ತಿದೆಯಾ? ಕೂಲರ್ ಕೊಳ್ಳುವ ಮೊದಲು ಬಿಸಿ ಎಲ್ಲಿದೆ ನೋಡಿ

ಆಟ ಶುರುವಾದಾಗ ಎಲ್ಲ ಸರಿಯಾಗಿರುತ್ತದೆ. ಹದಿನೈದು ಇಪ್ಪತ್ತು ನಿಮಿಷ ಆಗುತ್ತಿದ್ದಂತೆ ಫ್ಯಾನ್ ಸದ್ದು ಜೋರಾಗುತ್ತದೆ. ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ತೆರೆಯ ಮೇಲೆ ಮೂಡುವ ಫ್ರೇಮ್‌ಗಳ ಸಂಖ್ಯೆ, ಇಳಿಯುತ್ತದೆ. ಕೆಲವರ ಪಿಸಿ ತಾನಾಗಿಯೇ ಆಫ್ ಆಗಿಬಿಡುತ್ತದೆ. ಹೀಗಾದ ಕೂಡಲೇ ಹೆಚ್ಚಿನವರು ಹುಡುಕುವುದು ಪ್ರೊಸೆಸರ್ ಬಿಸಿಯನ್ನು ನೀರಿನಿಂದ ಇಳಿಸುವ ವಾಟರ್ ಕೂಲರ್ ಬೆಲೆಯನ್ನು. ಏಳೆಂಟು ಸಾವಿರ ಕೊಟ್ಟು ತಂದು ಹಾಕಿದ ಮೇಲೂ ಆಟ ಮೊದಲಿನ ಹಾಗೇ ತಡವರಿಸಿದರೆ ಹೇಗಾಗಬೇಡ? ಬಿಸಿ ಇದ್ದದ್ದು ಗ್ರಾಫಿಕ್ಸ್ ಕಾರ್ಡಿನಲ್ಲಿ, ದುಡ್ಡು ಸುರಿದದ್ದು ಪ್ರೊಸೆಸರ್ ಮೇಲೆ. ಇದು ತುಂಬಾ ಕಡೆ ಆಗುವ ಕಥೆ.

ಹಾಗಾಗಿ ಈ ಲೇಖನದಲ್ಲಿ ಕೂಲರ್ ಆಯ್ಕೆಗಿಂತ ಮೊದಲು ಬರುವ ಕೆಲಸಗಳಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅರ್ಧದಷ್ಟು ಪಿಸಿಗಳ ಕಾಟ ಅಲ್ಲೇ ಮುಗಿಯುತ್ತದೆ ಎಂಬುದು ನನ್ನ ನಂಬಿಕೆ. ಇಲ್ಲಿ ಹೇಳುವುದೆಲ್ಲ ಡೆಸ್ಕ್‌ಟಾಪ್‌ಗೆ. ಲ್ಯಾಪ್‌ಟಾಪ್ ವಿಷಯವೇ ಬೇರೆ.

ಹೆಜ್ಜೆ 1: ಅಳೆಯಿರಿ

ಎಚ್‌ಡಬ್ಲ್ಯೂಇನ್ಫೋ64 ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ತೆರೆಯುವಾಗ ಸೆನ್ಸರ್ಸ್ ಮಾತ್ರ ಎಂಬುದನ್ನು ಆರಿಸಿ. ಅದನ್ನು ಹಿಂದೆ ಓಡಲು ಬಿಟ್ಟು, ನೀವು ದಿನಾ ಆಡುವ ಆಟವನ್ನೇ ಅರ್ಧ ಗಂಟೆ ಆಡಿ. ಆಮೇಲೆ ಮ್ಯಾಕ್ಸಿಮಮ್ ಎಂಬ ಕಾಲಂ ನೋಡಿ. ನಿಮಗೆ ಬೇಕಾದ ಸಾಲುಗಳು ನಾಲ್ಕೇ: ಪ್ರೊಸೆಸರ್‌ನದ್ದು (ಇಂಟೆಲ್ ಆದರೆ ಸಿಪಿಯು ಪ್ಯಾಕೇಜ್, ಎಎಂಡಿ ಆದರೆ ಟಿಡೈ ಎಂದಿರುವ ಸಾಲು), ಗ್ರಾಫಿಕ್ಸ್ ಕಾರ್ಡಿನ ಜಿಪಿಯು ಟೆಂಪರೇಚರ್, ಕಾರ್ಡಿನ ಚಿಪ್‌ನಲ್ಲಿ ಅತಿ ಬಿಸಿಯಾದ ಜಾಗವನ್ನು ತೋರಿಸುವ ಜಿಪಿಯು ಹಾಟ್ ಸ್ಪಾಟ್, ಮತ್ತು ಥರ್ಮಲ್ ಥ್ರಾಟ್ಲಿಂಗ್. ಕೊನೆಯದರ ಎದುರು ಯೆಸ್ ಎಂದಿದ್ದರೆ ಚಿಪ್ ಬಿಸಿ ತಡೆಯಲಾರದೆ ತನ್ನ ವೇಗವನ್ನು ತಾನೇ ಇಳಿಸಿಕೊಂಡಿದೆ ಎಂದರ್ಥ. ಹಾಟ್ ಸ್ಪಾಟ್ ಸಾಲು ಎಲ್ಲ ಕಾರ್ಡುಗಳಲ್ಲೂ ಕಾಣಿಸುವುದಿಲ್ಲ. ಇಲ್ಲದಿದ್ದರೆ ಬಿಡಿ.

ಈಗ ಮಿತಿಗಳು. ಇಂಟೆಲ್ 12, 13, 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳು 100 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ವೇಗ ಇಳಿಸುತ್ತವೆ. ಎಎಂಡಿಯ ರೈಜನ್ 5 5600ಗೆ ಆ ಗೆರೆ 90. ರೈಜನ್ 7000 ಸರಣಿಯಲ್ಲಿ ಬಹುತೇಕ 95, ಆದರೆ 7800ಎಕ್ಸ್3ಡಿಗೆ 89. ಎನ್‌ವಿಡಿಯಾ ಆರ್‌ಟಿಎಕ್ಸ್ 30 ಸರಣಿಗೆ 93, 40 ಸರಣಿಗೆ 90. ಇವು ಗರಿಷ್ಠ ಮಿತಿಗಳು. ಆಟದ ಹೊತ್ತಿಗೆ ಪ್ರೊಸೆಸರ್ 80ರ ಒಳಗೆ, ಕಾರ್ಡ್ 80ರ ಆಸುಪಾಸಿನಲ್ಲಿ ಇದ್ದರೆ ಚಿಂತೆ ಬೇಡ. 75 ಕಂಡು ಗಾಬರಿಯಾಗಿ ಕೂಲರ್ ಕೊಳ್ಳಲು ಹೊರಡಬೇಡಿ.

ಒಂದು ಸೂಕ್ಷ್ಮ ಇದೆ. ರೈಜನ್ 7 7700ಎಕ್ಸ್‌ನಂಥ ಚಿಪ್‌ಗೆ ಸಿನಿಬೆಂಚ್ ಎಂಬ, ಪ್ರೊಸೆಸರನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಸಾಫ್ಟ್‌ವೇರ್ ಓಡಿಸಿದರೆ 95 ಮುಟ್ಟುವುದು ಮಾಮೂಲು. ಅಲ್ಲಿಯವರೆಗೂ ವೇಗ ಏರಿಸುತ್ತಾ ಹೋಗುವಂತೆಯೇ ಎಎಂಡಿ ಅದನ್ನು ಮಾಡಿದೆ. ಆದ್ದರಿಂದ ಪರೀಕ್ಷೆಯ ಅಂಕಿಗಿಂತ ಆಟದ ಅಂಕಿಯನ್ನು ನಂಬಿ.

ಅಳೆಯುವಾಗ ಕೋಣೆಯ ಬಿಸಿಯನ್ನೂ ಬರೆದಿಟ್ಟುಕೊಳ್ಳಿ. ಯಾರೂ ಇದನ್ನು ಮಾಡುವುದಿಲ್ಲ, ಆದರೆ ನಮ್ಮ ಊರುಗಳಲ್ಲಿ ಇದೇ ಮುಖ್ಯ. ಫ್ಯಾನ್ ಆಗಲಿ, ವಾಟರ್ ಕೂಲರ್ ಆಗಲಿ, ಕೋಣೆಯ ಗಾಳಿಗಿಂತ ತಣ್ಣಗೆ ಏನನ್ನೂ ಮಾಡಲಾರವು. ಕೋಣೆ ಎಷ್ಟು ಡಿಗ್ರಿ ಏರುತ್ತದೋ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಜನವರಿಯಲ್ಲಿ 24 ಡಿಗ್ರಿ ಕೋಣೆಯಲ್ಲಿ 72 ತೋರಿಸಿದ ಪಿಸಿ, ಏಪ್ರಿಲ್‌ನಲ್ಲಿ 38 ಡಿಗ್ರಿ ಕೋಣೆಯಲ್ಲಿ 86 ತೋರಿಸಿದರೆ ಅದು ಕೆಟ್ಟಿಲ್ಲ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಬೇಸಿಗೆಯಲ್ಲಿ ಹೊರಗೆ 40 ದಾಟುವುದು ಹೊಸದೇನಲ್ಲ. ಯೂಟ್ಯೂಬ್‌ನ ವಿದೇಶಿ ಪರೀಕ್ಷೆಗಳು ಹೆಚ್ಚಾಗಿ 20ರಿಂದ 25 ಡಿಗ್ರಿ ಕೋಣೆಯಲ್ಲಿ ನಡೆದಿರುತ್ತವೆ. ಅಲ್ಲಿ 70 ಎಂದು ತೋರಿಸಿದ ಕೂಲರ್ ನಿಮ್ಮ ಮನೆಯ ಮೇ ತಿಂಗಳಲ್ಲಿ 85ರ ಹತ್ತಿರ ಇರುತ್ತದೆ. ಈ ಲೆಕ್ಕ ಹಾಕಿಕೊಂಡೇ ಕೂಲರ್ ಆರಿಸಬೇಕು.

ಹೆಜ್ಜೆ 2: ಪಕ್ಕದ ಬಾಗಿಲು ತೆಗೆದು ನೋಡಿ

ಕ್ಯಾಬಿನೆಟ್‌ನ ಎಡಗಡೆಯ ಪ್ಯಾನೆಲ್ ತೆಗೆದಿಡಿ. ಗಾಜಿನದ್ದಾದರೆ ಟೈಲ್ಸ್ ಮೇಲೆ ನೇರವಾಗಿ ನಿಲ್ಲಿಸಬೇಡಿ, ಮೂಲೆ ತಗುಲಿದರೆ ಪುಡಿಪುಡಿಯಾಗುತ್ತದೆ. ಹಾಸಿಗೆ ಮೇಲೆ ಮಲಗಿಸಿಡಿ. ಈಗ ಅದೇ ಆಟ, ಅದೇ ಅರ್ಧ ಗಂಟೆ.

ಬಿಸಿ ಎಂಟು ಹತ್ತು ಡಿಗ್ರಿ ಇಳಿಯಿತಾ? ಹಾಗಿದ್ದರೆ ಕೂಲರ್ ಸರಿಯಾಗಿಯೇ ಇದೆ, ಕ್ಯಾಬಿನೆಟ್ ಒಳಗೆ ಗಾಳಿ ಬರುತ್ತಿಲ್ಲ. ಎಂಥ ದೊಡ್ಡ ಕೂಲರ್ ಹಾಕಿದರೂ ಆ ಪೆಟ್ಟಿಗೆಯಲ್ಲಿ ಅದು ಕಿಟಕಿ ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಹಾಕಿದ ಹಾಗೆ, ಅದೇ ಬಿಸಿ ಗಾಳಿಯನ್ನೇ ಸುತ್ತಿಸುತ್ತಿರುತ್ತದೆ. ಇಳಿದದ್ದು ಒಂದೆರಡು ಡಿಗ್ರಿ ಮಾತ್ರವಾದರೆ ಗಾಳಿ ಸರಿಯಿದೆ. ಆಗ ಕೂಲರ್, ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿ ಕೂಲರ್‌ಗೆ ದಾಟಲು ನಡುವೆ ಹಚ್ಚುವ ಪೇಸ್ಟ್) ಅಥವಾ ಸೆಟ್ಟಿಂಗ್ ಕಡೆ ನೋಡಬೇಕು.

ಪಿಸಿ ಇಟ್ಟಿರುವ ಜಾಗವನ್ನೂ ನೋಡಿ. ನಮ್ಮಲ್ಲಿ ಕಂಪ್ಯೂಟರ್ ಟೇಬಲ್ ಮಾಡಿಸುವಾಗ ಬಡಗಿಗಳು ಕ್ಯಾಬಿನೆಟ್‌ಗೆಂದೇ ಒಂದು ಗೂಡು ಬಿಡುತ್ತಾರೆ. ಮೂರು ಕಡೆ ಪ್ಲೈವುಡ್, ಹಿಂದೆ ಗೋಡೆ. ಹಿಂದಿನ ಫ್ಯಾನ್ ಬಿಟ್ಟ ಬಿಸಿ ಗಾಳಿ ಗೋಡೆಗೆ ಬಡಿದು ಮತ್ತೆ ಮುಂದಿನಿಂದ ಒಳಗೆ ಹೋಗುತ್ತದೆ. ಗೂಡಿನಿಂದ ಹೊರಗೆ ತೆಗೆದು, ಗೋಡೆಯಿಂದ ಒಂದು ಗೇಣಾದರೂ ದೂರ ಇಡಿ. ಇದಕ್ಕೆ ಕಾಸು ಖರ್ಚಿಲ್ಲ.

ಬಾಗಿಲು ತೆಗೆದೇ ಇಟ್ಟರಾಗದೇ ಎಂದು ಕೇಳಬಹುದು. ಧೂಳು, ಹಲ್ಲಿ, ಮಕ್ಕಳ ಬೆರಳು, ಇವೆಲ್ಲ ಇವೆ. ಪರೀಕ್ಷೆಗೆ ಮಾತ್ರ ಸಾಕು. ಇನ್ನೊಂದು ಮಾತು, ನೀರಿನ ಏರ್ ಕೂಲರ್ ಇರುವ ಮನೆಗಳಲ್ಲಿ ಅದರ ಗಾಳಿಯನ್ನು ನೇರ ಪಿಸಿಗೆ ತಿರುಗಿಸಬೇಡಿ. ಹನಿಯೂ ತೇವವೂ ಒಳಗೆ ಹೋಗುತ್ತವೆ. ಎಸಿ ಇದ್ದರೆ ಆ ಭಯ ಇಲ್ಲ.

ಹೆಜ್ಜೆ 3: ಧೂಳು, ಪೇಸ್ಟ್, ಪಿನ್

ಪಿಸಿ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಬಾಲ್ಕನಿಗೆ ಒಯ್ಯಿರಿ. ಬ್ಲೋವರ್‌ನಿಂದ ಊದಿ. ಊದುವಾಗ ಪ್ರತಿ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಇಲ್ಲದಿದ್ದರೆ ಅದು ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಬ್ಲೋವರ್ ಮೂತಿಯನ್ನು ಬೋರ್ಡಿಗೆ ಅಂಟಿಸಿ ಹಿಡಿಯಬೇಡಿ, ಅರ್ಧ ಅಡಿ ದೂರ ಇರಲಿ. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಮೂತಿಯಲ್ಲಿ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಕೂಲರ್‌ನ ಅಲ್ಯೂಮಿನಿಯಂ ಎಲೆಗಳ ನಡುವೆ, ಫ್ಯಾನಿನ ಹಿಂದೆ ಧೂಳು ಕಂಬಳಿಯಂತೆ ಕೂತಿರುತ್ತದೆ. ಮೇಲಿನಿಂದ ನೋಡಿದರೆ ಕಾಣುವುದಿಲ್ಲ, ಫ್ಯಾನ್ ಬಿಚ್ಚಿಯೇ ನೋಡಬೇಕು. ಕರಾವಳಿಯ ತೇವದ ಗಾಳಿಯಲ್ಲಿ ಧೂಳು ಇನ್ನೂ ಬಿಗಿಯಾಗಿ ಅಂಟಿಕೊಳ್ಳುತ್ತದೆ.

ಇಂಟೆಲ್ ಡಬ್ಬದ ಜೊತೆ ಬಂದ ಕೂಲರ್ ಇರುವವರು ಇದನ್ನು ತಪ್ಪದೇ ನೋಡಿ. ಅದಕ್ಕೆ ನಾಲ್ಕು ಮೂಲೆಯಲ್ಲಿ ಒತ್ತುವ ಪ್ಲಾಸ್ಟಿಕ್ ಪಿನ್‌ಗಳಿವೆ. ತಲೆಯ ಮೇಲೆ ಬಾಣದ ಗುರುತು ಇರುತ್ತದೆ. ಬಾಣದ ದಿಕ್ಕಿಗೆ ತಿರುಗಿಸಿದರೆ ಪಿನ್ ಸಡಿಲವಾಗುತ್ತದೆ. ಹಾಕುವ ಮುಂಚೆ ಬಾಣಕ್ಕೆ ವಿರುದ್ಧವಾಗಿ ಕೊನೆಯವರೆಗೂ ತಿರುಗಿಸಿಟ್ಟು, ಎದುರು ಬದುರು ಮೂಲೆಗಳನ್ನು ಜೋಡಿಯಾಗಿ ಕ್ಲಿಕ್ ಎನ್ನುವವರೆಗೆ ಒತ್ತಬೇಕು. ಆಮೇಲೆ ಮದರ್‌ಬೋರ್ಡ್ ಹಿಂಬದಿ ನೋಡಿ. ನಾಲ್ಕೂ ಪಿನ್‌ಗಳ ತುದಿ ಒಂದೇ ಸಮ ಹೊರಗೆ ಬಂದಿರಬೇಕು. ಒಂದೇ ಒಂದು ಪಿನ್ ಪೂರ್ತಿ ಕೂತಿಲ್ಲದಿದ್ದರೂ ಕೂಲರ್ ಒಂದು ಕಡೆ ಎದ್ದು ನಿಲ್ಲುತ್ತದೆ, ಚಿಪ್ ನೇರ 100 ಮುಟ್ಟುತ್ತದೆ. ಪಿಸಿಯನ್ನು ಕೊರಿಯರ್‌ನಲ್ಲಿ ತರಿಸಿದವರಿಗೆ, ಮನೆ ಬದಲಾಯಿಸಿದವರಿಗೆ ಈ ತೊಂದರೆ ಜಾಸ್ತಿ. ಕೂಲರ್ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಅದು ಅಲುಗಾಡಿದರೆ ಉತ್ತರ ಸಿಕ್ಕಿತು.

ಮೂರ್ನಾಲ್ಕು ವರ್ಷ ಹಳೆಯ ಪಿಸಿ ಆದರೆ ಥರ್ಮಲ್ ಪೇಸ್ಟ್ ಒಣಗಿರಬಹುದು. ಆರ್ಕ್ಟಿಕ್ ಎಂಎಕ್ಸ್-4 ಅಥವಾ ನಾಕ್ಚುವಾ ಎನ್‌ಟಿ-ಎಚ್1 ತರಹದ ಸಾಮಾನ್ಯ ಪೇಸ್ಟ್ ಸಾಕು. ದುಬಾರಿ ಪೇಸ್ಟಿಗೂ ಇವಕ್ಕೂ ಇರುವ ವ್ಯತ್ಯಾಸ ಒಂದೆರಡು ಡಿಗ್ರಿ.

ಗ್ರಾಫಿಕ್ಸ್ ಕಾರ್ಡಿಗೆ ಬಂದರೆ, ಹಾಟ್ ಸ್ಪಾಟ್ ಸಾಮಾನ್ಯ ಟೆಂಪರೇಚರ್‌ಗಿಂತ 10ರಿಂದ 15 ಡಿಗ್ರಿ ಮೇಲಿರುವುದು ಸಹಜ. 25–30 ಡಿಗ್ರಿ ಅಂತರ ಇದ್ದರೆ ಅಲ್ಲಿ ಪೇಸ್ಟ್ ಕೈಕೊಟ್ಟಿರುವ ಸಾಧ್ಯತೆ ಹೆಚ್ಚು. ವಾರಂಟಿ ಇದ್ದರೆ ನೀವು ಬಿಚ್ಚಬೇಡಿ, ಸ್ಕ್ರೂ ಮೇಲಿನ ಸ್ಟಿಕ್ಕರ್ ಹರಿದರೆ ತಕರಾರು ಬರಬಹುದು. ಸರ್ವಿಸ್ ಸೆಂಟರ್‌ಗೇ ಕೊಡಿ.

ಹೆಜ್ಜೆ 4: ಕಾಸಿಲ್ಲದೆ ಬಿಸಿ ಇಳಿಸಿ

ಬಿಸಿ ಹೊರಗೆ ತಳ್ಳುವುದಕ್ಕಿಂತ ಹುಟ್ಟದಂತೆ ಮಾಡುವುದು ಸುಲಭ. ಸೆಕೆಯ ಊರಿನವರು ಈ ಹೆಜ್ಜೆಯನ್ನು ಬಿಡಲೇಬಾರದು ಎನ್ನುತ್ತೇನೆ. ಏಕೆಂದರೆ ಕೂಲರ್ ಎಷ್ಟೇ ಒಳ್ಳೆಯದಿದ್ದರೂ ಆ ಬಿಸಿ ಕೊನೆಗೆ ಬರುವುದು ನಿಮ್ಮ ಕೋಣೆಗೇ. ಆರ್‌ಟಿಎಕ್ಸ್ 3080 ಒಂದೇ 320 ವ್ಯಾಟ್ ಉಣ್ಣುತ್ತದೆ, ಅಷ್ಟನ್ನೂ ಬಿಸಿಯಾಗಿ ಬಿಡುತ್ತದೆ. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಎರಡು ಗಂಟೆ ಆಡಿದರೆ ಕೋಣೆಯೇ ಕಾಯುತ್ತದೆ, ಆ ಕಾದ ಗಾಳಿಯನ್ನೇ ಪಿಸಿ ಮತ್ತೆ ಎಳೆದುಕೊಳ್ಳುತ್ತದೆ.

ಮೊದಲನೆಯದು ಫ್ರೇಮ್ ಮಿತಿ. ನಿಮ್ಮ ಮಾನಿಟರ್ 75 ಹರ್ಟ್ಸ್‌ನದ್ದಾಗಿದ್ದು ಆಟ 180 ಎಫ್‌ಪಿಎಸ್‌ನಲ್ಲಿ ಓಡುತ್ತಿದ್ದರೆ, ಮಾನಿಟರ್ ತೋರಿಸಲಾರದ ಫ್ರೇಮ್‌ಗಳಿಗಾಗಿ ಕಾರ್ಡ್ ಸುಮ್ನೆ ಬೇಯುತ್ತಿದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ ಇಟ್ಟುಬಿಡಿ.

ಎರಡನೆಯದು ಎಂಎಸ್‌ಐ ಆಫ್ಟರ್‌ಬರ್ನರ್, ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗ್ ಬದಲಿಸುವ ಸಾಫ್ಟ್‌ವೇರ್. ಬೇರೆ ಕಂಪನಿಯ ಕಾರ್ಡಿಗೂ ನಡೆಯುತ್ತದೆ. ಪವರ್ ಲಿಮಿಟ್ ಪಟ್ಟಿಯನ್ನು 100ರಿಂದ 80ಕ್ಕೆ ಎಳೆದು ಟಿಕ್ ಒತ್ತಿ. ಐದನೇ ಒಂದು ಭಾಗ ಬಿಸಿ ಹೋಯಿತು, ಎಫ್‌ಪಿಎಸ್ ಹೋಗುವುದು ಅದಕ್ಕಿಂತ ತುಂಬಾ ಕಡಿಮೆ. ಇನ್ನೂ ಮುಂದೆ ಹೋಗುವ ಮನಸ್ಸಿದ್ದರೆ ಅಂಡರ್‌ವೋಲ್ಟ್ ಮಾಡಿ, ಅಂದರೆ ಚಿಪ್‌ಗೆ ಹೋಗುವ ವೋಲ್ಟೇಜ್ ಇಳಿಸಿ. ಕಂಟ್ರೋಲ್ ಮತ್ತು ಎಫ್ ಒತ್ತಿದರೆ ವೋಲ್ಟೇಜ್ ಗೆರೆ ತೆರೆದುಕೊಳ್ಳುತ್ತದೆ. ಆರ್‌ಟಿಎಕ್ಸ್ 3070ರಂಥ ಕಾರ್ಡಿಗೆ 900 ಮಿಲಿವೋಲ್ಟ್ ಹತ್ತಿರ 1,800 ಮೆಗಾಹರ್ಟ್ಸ್‌ನಿಂದ ಶುರು ಮಾಡಬಹುದು. ಆಟ ಮಧ್ಯೆ ನಿಂತುಹೋದರೆ ವೋಲ್ಟೇಜ್ ಸ್ವಲ್ಪ ಏರಿಸಿ. ಎರಡು ಕಾರ್ಡು ಒಂದೇ ಮಾಡೆಲ್ ಆದರೂ ಒಂದೇ ಥರ ಇರುವುದಿಲ್ಲ, ಹಾಗಾಗಿ ಇನ್ನೊಬ್ಬರ ಅಂಕಿಯನ್ನು ಕಣ್ಣುಮುಚ್ಚಿ ಹಾಕಬೇಡಿ.

ಪ್ರೊಸೆಸರ್‌ಗೆ ಬಯಾಸ್ (ಪಿಸಿ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್) ಒಳಗೆ ಹೋಗಿ. ರೈಜನ್ 7000ದಲ್ಲಿ ಕಡಿಮೆ ವಿದ್ಯುತ್‌ನಲ್ಲಿ ಓಡಿಸುವ ಇಕೋ ಮೋಡ್ ಇದೆ, 65 ವ್ಯಾಟ್‌ಗೆ ಇಟ್ಟರೆ ಆಟದಲ್ಲಿ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಇಂಟೆಲ್ ಕಡೆ ಕೆಲವು ಮದರ್‌ಬೋರ್ಡ್‌ಗಳು ಪವರ್ ಮಿತಿಯನ್ನೇ ತೆಗೆದುಹಾಕಿರುತ್ತವೆ. ಅದನ್ನು ಇಂಟೆಲ್ ಡೀಫಾಲ್ಟ್‌ಗೆ ತನ್ನಿ. 13 ಮತ್ತು 14ನೇ ತಲೆಮಾರಿನ ಐ7, ಐ9 ಇರುವವರು ಬಯಾಸ್ ಅಪ್‌ಡೇಟ್ ಕೂಡ ಮಾಡಲೇಬೇಕು. ಹೆಚ್ಚು ವೋಲ್ಟೇಜ್‌ನಿಂದ ಆ ಚಿಪ್‌ಗಳು ಹಾಳಾಗುತ್ತಿದ್ದ ತೊಂದರೆಗೆ 2024ರಲ್ಲಿ ಇಂಟೆಲ್ ಹೊಸ ಮೈಕ್ರೋಕೋಡ್ (ಚಿಪ್ ನಡೆಸುವ ಒಳಗಿನ ಸಾಫ್ಟ್‌ವೇರ್, ಬಯಾಸ್ ಅಪ್‌ಡೇಟ್ ಜೊತೆ ಬರುತ್ತದೆ) ಬಿಟ್ಟು, ಡಬ್ಬದಲ್ಲಿ ಬಂದ ಚಿಪ್‌ಗಳ ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು.

ಹೆಜ್ಜೆ 5: ಕ್ಯಾಬಿನೆಟ್‌ಗೆ ಗಾಳಿ

ಎರಡನೇ ಹೆಜ್ಜೆಯಲ್ಲಿ ಬಾಗಿಲು ತೆಗೆದಾಗ ಬಿಸಿ ಇಳಿದವರಿಗೆ ಇದು ಮೊದಲ ಖರ್ಚು. ಮುಂದೆ ಪೂರ್ತಿ ಗಾಜು ಇರುವ ಕ್ಯಾಬಿನೆಟ್ ನೋಡಲು ಚೆಂದ. ಆದರೆ ಗಾಳಿ ಬರುವುದು ಪಕ್ಕದ ಬೆರಳಗಲದ ಸಂದಿಯಿಂದ. ಗಾಜಿನ ಹಿಂದೆ ಮೂರು ಬಣ್ಣದ ಫ್ಯಾನ್ ಇದ್ದರೂ ಅವು ಎಳೆಯುವುದೇನನ್ನು? ಮುಂದೆ ಜಾಲರಿ ಇರುವ ಕ್ಯಾಬಿನೆಟ್ ಆರಿಸಿ. ಜಾಲರಿ ಹಿಂದೆ ಬೆಳಕು ಹಿಡಿದರೆ ಈಚೆ ಚೆನ್ನಾಗಿ ಕಾಣಬೇಕು, ಅದು ನನ್ನ ಪರೀಕ್ಷೆ.

ಫ್ಯಾನ್ ಜೋಡಣೆ: ಮುಂದೆ ಎರಡು ಅಥವಾ ಮೂರು ಒಳಗೆಳೆಯಲಿ, ಹಿಂದೆ ಒಂದು ಹೊರಗೆ ತಳ್ಳಲಿ. ಬಹಳ ಜನರಿಗೆ ಇಷ್ಟೇ ಸಾಕು. ಮೇಲೆ ಹಾಕುವುದಿದ್ದರೆ ಹಿಂಬದಿಯ ಜಾಗದಲ್ಲಿ ಒಂದನ್ನು ಹೊರಮುಖವಾಗಿ ಹಾಕಿ. ಮೇಲೆ ಮುಂಬದಿಗೆ ಹಾಕಿದರೆ ಆಗಷ್ಟೇ ಒಳಬಂದ ತಣ್ಣನೆ ಗಾಳಿಯನ್ನೇ ಅದು ಹೊರಗೆ ಎಸೆಯುತ್ತದೆ. ಒಳಬರುವ ಗಾಳಿ ಹೊರಹೋಗುವುದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಸಂದಿಗೊಂದಿಯಿಂದ ಧೂಳು ನುಗ್ಗುವುದು ಕಡಿಮೆ.

ಫ್ಯಾನಿನ ದಿಕ್ಕು ಗೊತ್ತಾಗುವುದು ಹೇಗೆ? ಒಂದು ಬದಿಯಲ್ಲಿ ಮೋಟರ್ ಹಿಡಿದುಕೊಂಡ ಅಡ್ಡಪಟ್ಟಿಗಳಿರುತ್ತವೆ. ಗಾಳಿ ಆ ಕಡೆಗೆ ಹೋಗುತ್ತದೆ. ಈಚೆಗೆ ಚೆಂದಕ್ಕೆಂದು ಉಲ್ಟಾ ರೆಕ್ಕೆಯ ಫ್ಯಾನ್‌ಗಳೂ ಬಂದಿವೆ. ಅನುಮಾನ ಇದ್ದರೆ ಟಿಶ್ಯೂ ಕಾಗದದ ಚೂರು ಹಿಡಿದು ನೋಡಿ.

ಕೊಳ್ಳುವಾಗ ಮದರ್‌ಬೋರ್ಡ್‌ನಿಂದ ವೇಗ ಹಿಡಿತಕ್ಕೆ ಸಿಗುವ, ನಾಲ್ಕು ಪಿನ್‌ನ ಪಿಡಬ್ಲ್ಯೂಎಂ ಫ್ಯಾನ್ ಕೇಳಿ. ಆರ್ಕ್ಟಿಕ್ ಪಿ12ರಂಥವು ಸಾಕು. ಅಗ್ಗದ ಬಣ್ಣದ ಫ್ಯಾನ್ ಸೆಟ್‌ಗಳಲ್ಲಿ ಕೆಲವು ಪವರ್ ಸಪ್ಲೈನ ಮೋಲೆಕ್ಸ್ ಕನೆಕ್ಟರ್‌ಗೆ ನೇರ ಸೇರುತ್ತವೆ. ಅವುಗಳ ವೇಗ ಹಿಡಿತಕ್ಕೆ ಸಿಗುವುದಿಲ್ಲ, ಯಾವಾಗಲೂ ಒಂದೇ ಸದ್ದು.

ಹೆಜ್ಜೆ 6: ಈಗ ಪ್ರೊಸೆಸರ್ ಕೂಲರ್

ಇಷ್ಟೆಲ್ಲ ಆದಮೇಲೂ ಪ್ರೊಸೆಸರ್ ಬಿಸಿ ಇಳಿದಿಲ್ಲವೆಂದರೆ ಕೂಲರ್ ಬದಲಿಸಿ. ಎಷ್ಟು ದೊಡ್ಡದು ಬೇಕು ಎಂಬುದನ್ನು ಚಿಪ್ ಉಣ್ಣುವ ವ್ಯಾಟ್ ಹೇಳುತ್ತದೆ. ಎಚ್‌ಡಬ್ಲ್ಯೂಇನ್ಫೋದಲ್ಲೇ ಸಿಪಿಯು ಪ್ಯಾಕೇಜ್ ಪವರ್ ಎಂಬ ಸಾಲು ಇದೆ, ಅದನ್ನು ನೋಡಿ. ಕೂಲರ್ ಡಬ್ಬದ ಮೇಲಿನ 220 ವ್ಯಾಟ್, 250 ವ್ಯಾಟ್ ಎಂಬ ಅಂಕಿಗಳನ್ನು ಪೂರ್ತಿ ನಂಬಬೇಡಿ. ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತದೆ.

ರೈಜನ್ 5 5600, ಐ5-12400ಎಫ್ ರೀತಿಯ ಚಿಪ್‌ಗಳಿಗೆ ನಾಲ್ಕು ಹೀಟ್ ಪೈಪ್ (ಚಿಪ್‌ನ ಬಿಸಿಯನ್ನು ಎಲೆಗಳಿಗೆ ಒಯ್ಯುವ ಕೊಳವೆ), ಒಂದು ಗೋಪುರದ ಏರ್ ಕೂಲರ್ ಧಾರಾಳ. ಡೀಪ್‌ಕೂಲ್ ಎಕೆ400 ಇಂಥದ್ದು, ಎರಡು ಮೂರು ಸಾವಿರದೊಳಗೆ ಸಿಗುವ ವರ್ಗ. 12400ಎಫ್ ಹೆಚ್ಚೆಂದರೆ 117 ವ್ಯಾಟ್ ಉಣ್ಣುತ್ತದೆ, ಅದಕ್ಕೆ ವಾಟರ್ ಕೂಲರ್ ಹಾಕುವುದು ದುಡ್ಡು ದಂಡ. 7700ಎಕ್ಸ್, 7800ಎಕ್ಸ್3ಡಿ, ಐ5-13600ಕೆ ಇರುವವರು, ಅದರಲ್ಲೂ ಸೆಕೆಯ ಊರಿನವರು, ಎರಡು ಗೋಪುರದ ಥರ್ಮಲ್‌ರೈಟ್ ಪೀರ್‌ಲೆಸ್ ಅಸ್ಯಾಸಿನ್ 120 ಎಸ್‌ಇ ತರಹದ್ದನ್ನು ನೋಡಿ. ಬೆಲೆಗೆ ತಕ್ಕ ಕೆಲಸದಲ್ಲಿ ಅದನ್ನು ಮೀರಿಸುವುದು ಕಷ್ಟ.

ವಾಟರ್ ಕೂಲರ್ ಬೇಕಾಗುವುದು ಐ7-14700ಕೆ, ಐ9-14900ಕೆಯಂಥ 253 ವ್ಯಾಟ್‌ವರೆಗೆ ಏರುವ ಚಿಪ್‌ಗಳಿಗೆ, ಅದೂ ವಿಡಿಯೋ ರೆಂಡರಿಂಗ್‌ನಂಥ ಭಾರೀ ಕೆಲಸ ಇದ್ದರೆ. ಆಗ 240 ಬೇಡ, 360 ಮಿ.ಮೀ. ರೇಡಿಯೇಟರ್‌ನದ್ದೇ (ನೀರಿನ ಬಿಸಿಯನ್ನು ಗಾಳಿಗೆ ಬಿಡುವ ಭಾಗ) ತೆಗೆದುಕೊಳ್ಳಿ. 240ರದ್ದು ಒಳ್ಳೆಯ ಎರಡು ಗೋಪುರದ ಏರ್ ಕೂಲರ್‌ಗಿಂತ ಅಷ್ಟೇನೂ ಮುಂದಿಲ್ಲ. ಅದಕ್ಕೆ ಪಂಪ್ ಇದೆ, ಪಂಪ್‌ಗೆ ಆಯಸ್ಸು ಇದೆ. ಏರ್ ಕೂಲರ್‌ನಲ್ಲಿ ಕೆಡುವುದು ಫ್ಯಾನ್ ಒಂದೇ, ಅದನ್ನು ಬದಲಿಸಿಕೊಂಡರಾಯಿತು. ರೇಡಿಯೇಟರ್ ಕೂರಿಸುವಾಗ ಅದರ ಮೇಲ್ತುದಿ ಪಂಪ್‌ಗಿಂತ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಒಳಗಿನ ಗಾಳಿ ಗುಳ್ಳೆ ಪಂಪ್‌ಗೆ ಸೇರಿ ಗುರುಗುರು ಸದ್ದು ಬರುತ್ತದೆ, ಪಂಪ್ ಬೇಗ ಸವೆಯುತ್ತದೆ.

ದುಡ್ಡು ಕೊಡುವ ಮುಂಚೆ ಮೂರು ಅಳತೆ. ಕ್ಯಾಬಿನೆಟ್ ಎಷ್ಟು ಎತ್ತರದ ಕೂಲರ್ ಹಿಡಿಯುತ್ತದೆ ಎಂದು ಅದರ ವಿವರದಲ್ಲಿ ನೋಡಿ. ಎಕೆ400 155 ಮಿ.ಮೀ. ಇದೆ, ನಾಕ್ಚುವಾ ಎನ್‌ಎಚ್-ಡಿ15 165 ಮಿ.ಮೀ. ನಿಮ್ಮ ಕ್ಯಾಬಿನೆಟ್ ಮಿತಿ 160 ಇದ್ದರೆ ಎರಡನೆಯದಕ್ಕೆ ಬಾಗಿಲು ಮುಚ್ಚುವುದಿಲ್ಲ. ರ‍್ಯಾಮ್‌ಗೆ ಎತ್ತರದ ಬಣ್ಣದ ಕಿರೀಟ ಇದ್ದರೆ ಮುಂದಿನ ಫ್ಯಾನ್ ಅದಕ್ಕೆ ತಾಗಬಹುದು. ಮೂರನೆಯದು ಸಾಕೆಟ್, ಅಂದರೆ ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ. ಬೆಂಗಳೂರಿನ ಎಸ್‌ಪಿ ರೋಡ್ ಅಂಗಡಿಯಲ್ಲೇ ಆಗಲಿ, ಆನ್‌ಲೈನ್‌ನಲ್ಲೇ ಆಗಲಿ, ಹಳೆ ಸ್ಟಾಕ್ ಡಬ್ಬಗಳಲ್ಲಿ ಎಲ್‌ಜಿಎ 1700 (ಇಂಟೆಲ್ 12ರಿಂದ 14ನೇ ತಲೆಮಾರಿನ ಸಾಕೆಟ್) ಬ್ರಾಕೆಟ್ ಇಲ್ಲದೇ ಇರಬಹುದು. ಡಬ್ಬ ತೆರೆಸಿ ನೋಡಿ, ಬಿಲ್ ತಪ್ಪದೇ ಕೇಳಿ.

ಹೆಜ್ಜೆ 7: ಕೂರಿಸುವುದು

ಎಎಂ4 ಸಾಕೆಟ್‌ನವರು (ರೈಜನ್ 5 5600ರಂಥ ಎಎಂಡಿ ಚಿಪ್ ಇರುವವರು) ಹಳೆ ಕೂಲರ್ ಕೀಳುವಾಗ ಹುಷಾರು. ಒಣಗಿದ ಪೇಸ್ಟ್ ಗೋಂದಿನಂತೆ ಹಿಡಿದಿರುತ್ತದೆ. ನೇರ ಮೇಲಕ್ಕೆ ಎಳೆದರೆ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಕೂಲರ್ ಜೊತೆಯೇ ಬರುತ್ತದೆ, ಪಿನ್ ಬಾಗುತ್ತವೆ. ಹತ್ತು ನಿಮಿಷ ಆಟ ಓಡಿಸಿ ಬೆಚ್ಚಗೆ ಮಾಡಿ, ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಸಡಿಲ ಮಾಡಿ. ಅವಸರ ಬೇಡ.

ಹಳೆ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಹೊಸದನ್ನು ಚಿಪ್ ನಡುವೆ ಬಟಾಣಿ ಗಾತ್ರ ಹಾಕಿ. ಉದ್ದನೆಯ ಎಲ್‌ಜಿಎ 1700 ಚಿಪ್‌ಗೆ ಒಂದು ಗೆರೆ ಎಳೆಯಿರಿ. ಕೂಲರ್ ತಳಕ್ಕೆ ಅಂಟಿಸಿರುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ತೆಗೆದಿದ್ದೀರಾ ಎಂದು ಇನ್ನೊಮ್ಮೆ ನೋಡಿಕೊಳ್ಳಿ. ಸ್ಕ್ರೂಗಳನ್ನು ಎದುರು ಬದುರಾಗಿ, ಒಂದೊಂದಕ್ಕೂ ಎರಡು ಮೂರು ಸುತ್ತಿನಂತೆ ಬಿಗಿಯುತ್ತಾ ಬನ್ನಿ. ಫ್ಯಾನ್ ತಂತಿಯನ್ನು ಮದರ್‌ಬೋರ್ಡ್‌ನಲ್ಲಿ ಸಿಪಿಯು ಫ್ಯಾನ್ ಎಂದು ಬರೆದಿರುವ ಪಿನ್‌ಗಳಿಗೇ (ಹೆಡರ್) ಸೇರಿಸಿ.

ಪಿಸಿ ಆನ್ ಆದಮೇಲೆ ಬಯಾಸ್‌ನಲ್ಲಿ ಫ್ಯಾನ್ ಕರ್ವ್, ಅಂದರೆ ಎಷ್ಟು ಬಿಸಿಗೆ ಎಷ್ಟು ವೇಗ ಎಂಬುದನ್ನು, ಇಡಿ: 50 ಡಿಗ್ರಿವರೆಗೆ 40 ಶೇಕಡಾ ವೇಗ, 70ಕ್ಕೆ 65, 80ರ ಮೇಲೆ ಪೂರ್ತಿ. ವೇಗ ಏರುವ ಮುಂಚೆ ಕೆಲವು ಸೆಕೆಂಡ್ ಕಾಯುವ ಆಯ್ಕೆ ಇದ್ದರೆ ಅದನ್ನೂ ಹಾಕಿ, ಫ್ಯಾನ್ ಸದ್ದು ಏರಿಳಿಯುವ ಕಿರಿಕಿರಿ ತಪ್ಪುತ್ತದೆ. ಆಮೇಲೆ ಮೊದಲ ದಿನದ ಅದೇ ಆಟವನ್ನು ಅದೇ ಅರ್ಧ ಗಂಟೆ ಆಡಿ, ಬರೆದಿಟ್ಟ ಅಂಕಿಯ ಜೊತೆ ಹೋಲಿಸಿ. ಹೋಲಿಸುವಾಗ ಎರಡೂ ದಿನದ ಕೋಣೆಯ ಬಿಸಿಯನ್ನು ಕಳೆಯಲು ಮರೆಯಬೇಡಿ.

ಡಬ್ಬದಲ್ಲಿ ಉಳಿದ ಬ್ರಾಕೆಟ್, ಸ್ಕ್ರೂಗಳನ್ನು ಒಂದು ಪೊಟ್ಟಣದಲ್ಲಿ ಕಟ್ಟಿ ಕ್ಯಾಬಿನೆಟ್ ಒಳಗೇ ಒಂದು ಮೂಲೆಯಲ್ಲಿಡಿ. ಎರಡು ಮೂರು ವರ್ಷ ಬಿಟ್ಟು ಇಂಟೆಲ್‌ನಿಂದ ಎಎಂಡಿಯ ಎಎಂ5 ಸಾಕೆಟ್‌ಗೆ ಹೋದಾಗ ಕೂಲರ್ ಅದೇ ನಡೆಯುತ್ತದೆ, ಬೇಕಾಗುವುದು ಆ ಬ್ರಾಕೆಟ್ ಮಾತ್ರ.